ಫಕೀರವ್ವನ ಮೂರು ಮಸೆಗಲ್ಲು

ಭಾಳ ಹಿಂದಿನ ಮಾತು. ಹೊಳಿ ಇನ್ನೂ ನಮ್ಮೂರ ಆ ಕಡೆ ಹರೀತಿತ್ತಂತ, ಅಷ್ಟು ಹಿಂದಿಂದು. ಒಂದೂರಾಗ ಫಕೀರವ್ವ ಅಂತ ಒಬ್ಬಾಕಿ ಇದ್ಲು. ಚಾಕು, ಕುಡಗೋಲು, ಕೊಡ್ಲಿ, ಏನ ಕೊಟ್ರೂ ಮಸದು ಕೊಡಾಕಿ. ಯಾವ ಊರಂತ ಕೇಳಬ್ಯಾಡ್ರಿ. ನಮ್ಮಜ್ಜಿ ಒಂದೂರ ಹೆಸರು ಹೇಳತಿದ್ಲು, ನಮ್ಮಪ್ಪ ಇನ್ನೊಂದು ಹೇಳತಿದ್ದ. ನನಗಂತೂ ತಲಿ ಕೆಟ್ಟು ಹೋಗೇತಿ.

ಆಕಿ ಹಂತ್ಯಾಕ ಮೂರು ಕಲ್ಲಿದ್ವಂತ. ಒಂದು ಒರಟು, ಕೈಗೆ ಉಸುಕಿನಂಗ ಚುಚ್ಚೂದು. ಒಂದು ನಡುವಿಂದು. ಇನ್ನೊಂದು ಬೆಣ್ಣಿಯಂಥಾ ನುಣ್ಣಂದು. ಗಟ್ಟಿ ಉಕ್ಕು ನುಣ್ಣನ ಕಲ್ಲಿಗೆ ಬಗ್ಗೂದಿಲ್ಲ, ಮೊದಲು ಒರಟು ಕಲ್ಲು ಕಂಡ್ರ ದಾರಿಗೆ ಬರತೈತಿ ಅಂತಿದ್ಲಂತ. ಆದ್ರ ಯಾವ ಕಲ್ಲಿಗೆ ನಿಲ್ಲಿಸಬೇಕು? ಅದಕ್ಕ ಆಕಿ ಕೇಳೂದು ಒಂದ ಮಾತು, ಇದ್ರಲೆ ಏನ ಕೊಯ್ಯಾಂವ ಅಂತ. ಕ್ಷೌರಕ್ಕಂದ್ರ ಮೂರೂ ಕಲ್ಲು. ಕಬ್ಬಿಗಂದ್ರ ಎರಡು. ಹಗ್ಗಕ್ಕಂದ್ರ ಬರೇ ಒರಟು ಕಲ್ಲು. ಹಗ್ಗ ಕೊಯ್ಯೂ ಅಲಗಿಗೆ ಸಣ್ಣ ಸಣ್ಣ ಹಲ್ಲು ಬೇಕು, ನುಣ್ಣಗಾದ್ರ ಜಾರತೈತಿ.

ಒಂದಿನ ಬರಮಪ್ಪ ಅನ್ನಾಂವ ಬಂದ. ಅವಂಗೂ ಅವನ ಅಣ್ಣ ಲಕ್ಕಪ್ಪಗೂ ಬಾವಿ ನೀರಿನ ಪಾಳಿ ಸಲುವಾಗಿ ಹಾವು ಮುಂಗಲಿ ಹಗೆ. ಕೈಯಾಗ ಹೊಸಾ ಚಾಕು, ಗಟ್ಟಿ ಉಕ್ಕಿಂದು. ಅಣ್ಣನ ಜೀವಾ ತೆಗೀಬೇಕಂತ ತಂದಿದ್ದ. ಒಡಹುಟ್ಟಿದ ಅಣ್ಣ, ನೋಡ್ರಿ! ಫಕೀರವ್ವ ಕೇಳಿದ್ಲು. ಅಂವ ತಡವರಿಸಿದ. ಆಕಿ ಮತ್ತ ಕೇಳಿದ್ಲು. ಬಾಯಿಗೆ ಬಂದದ್ದು ಹೇಳಿಬಿಟ್ಟ.

"ಹಗ್ಗಾ ಕೊಯ್ಯಾಕವ್ವಾ."

ಮಾರಿ ನೋಡೇ ಆಕಿಗೆ ತಿಳೀತು ಅಂತಾರ ಕೆಲವರು. ಏನೂ ತಿಳೀಲಿಲ್ಲ, ಆಕಿ ಕಿವಿ ಮಂದ, ಹಗ್ಗ ಅಂದದ್ದಷ್ಟ ಕೇಳಿಸ್ತು ಅಂತಾರ ಇನ್ನ ಕೆಲವರು. ನಾನು ಒಮ್ಮೆ ಹಂಗ ನಂಬತೀನಿ, ಒಮ್ಮೆ ಹಿಂಗ ನಂಬತೀನಿ. ಬೆವರು ಸುರಿಯೂತನಕ ಒರಟು ಕಲ್ಲಿಗೆ ತಿಕ್ಕಿ, ಉಳಿದೆರಡು ಕಲ್ಲು ಮುಟ್ಟದ ಚಾಕು ಕೊಟ್ಲಂತ.

ಬರಮಪ್ಪ ಬಾವಿ ಕಡೆ ಹೋದ. ಹೋಗಿ ನೋಡತಾನ, ನೀರು ಜಗ್ಗೂ ಎತ್ತು ಬೆದರಿ ಓಡೇತಿ, ಹಗ್ಗ ಲಕ್ಕಪ್ಪನ ಕೊರಳು ಸುತ್ತಿ ಬೇವಿನ ಗಿಡಕ್ಕ ಬಿಗದೈತಿ. ಎತ್ತು ಜಗ್ಗಾಕ ಹತ್ತೇತಿ, ಅಣ್ಣನ ಕಣ್ಣು ಮ್ಯಾಲೆ ಹೋಗ್ಯಾವ. ಸುಮ್ಮನ ನಿಂತಿದ್ರ ಸಾಕಿತ್ತು, ಬಂದ ಕೆಲಸ ತಾನ ಆಗತಿತ್ತು. ಅಂವ ನಿಲ್ಲಲಿಲ್ಲ. ಯಾಕ ನಿಲ್ಲಲಿಲ್ಲ? ಅವಂಗೂ ಗೊತ್ತಿಲ್ಲಂತ. ನೀರಾಗ ನೆನದ ದಪ್ಪ ಹಗ್ಗಾನ ಆ ಹಲ್ಲಿನ ಅಲಗು ಗರಗರ ಕೊಯ್ದು ಹಾಕ್ತಂತ.

ಉಸರು ತಿರುಗಿದ ಮ್ಯಾಲೆ ಲಕ್ಕಪ್ಪ ತಮ್ಮನ ಕೈ ಹಿಡಕೊಂಡು ಕೇಳಿದ.

"ಹೊತ್ತಿಗೆ ಸರಿಯಾಗಿ ಚಾಕು ಹಿಡಕೊಂಡು ಹೆಂಗ ಬಂದ್ಯೋ ತಮ್ಮಾ?"

ಬರಮಪ್ಪ ಕೈ ಬಿಡಿಸಿಕೊಂಡು ಎತ್ತು ಹಿಡಿಯಾಕ ಹೋದ. ಅಣ್ಣ ಇರೂತನಕ ಕಂಡ ಕಂಡವರ ಮುಂದ ತಮ್ಮನ್ನ ಹೊಗಳಿದ, ತಮ್ಮ ತಲಿ ತಗ್ಗಿಸಿ ಕುಂತ. ಅಣ್ಣ ಮಣ್ಣಾದ ಮ್ಯಾಲೆ ತನ್ನ ಹೆಂಡತಿ ಮುಂದ ಎಲ್ಲಾ ಹೇಳಿ ಅತ್ನಂತ. ಫಕೀರವ್ವಗ ತಾ ಹೇಳಿದ್ದು ಸುಳ್ಳೋ ಖರೇನೋ, ಅಂವಗ ಕಡೀತನಕ ಬಗಿಹರೀಲಿಲ್ಲ.

ಈಗ ಮೂರೂರಾಗ ಕಟ್ಟಿ ಮ್ಯಾಲೆ ಅಂಥಾ ಕಲ್ಲು ಅದಾವ. ಮೂರೂ ಊರವರು ನಮ್ಮವ ಖರೇ ಅಂತಾರ. ಮಸಿಯಾಕ ಬಂದವರು ಮೊದಲು ಕಲ್ಲಿಗೆ ಹೇಳಬೇಕು, ಏನ ಕೊಯ್ಯೂದೈತಿ ಅಂತ. ಹೇಳಾಕ ಬಾಯಿ ಬರದಿದ್ರ ಚಾಕು ಅಲ್ಲೇ ಬಿಟ್ಟು ಮನೀಗೆ ಹೋಗತಾರ. ತುಕ್ಕು ಹಿಡದ ಚಾಕು ಒಂದೆರಡು ಕಟ್ಟಿ ಮ್ಯಾಲೆ ಯಾವಾಗಲೂ ಬಿದ್ದಿರತಾವ. ಯಾರದು ಅಂತ ಯಾರೂ ಕೇಳೂದಿಲ್ಲ.