ಗುಬ್ಬಿಯ ಗೋಣಿದಾರ

ಅಕ್ಕಿ ಮಂಡಿಯ ಸೂರಿನಲ್ಲಿ ಪಾರಿವಾಳದ ಗೂಡಿನ ಒಂದು ಮೂಲೆ ಹಿಡಿದು ಬಾಳುತ್ತಿದ್ದ ಗುಬ್ಬಿ, ಊರಾಚೆಯ ಜಾಲಿಮರದಲ್ಲಿ ಸ್ವಂತ ಗೂಡು ಕಟ್ಟತೊಡಗಿತು. ಕಾಳಿಗೆ ಮಾತ್ರ ದಿನವೂ ಮಂಡಿಗೇ ಹಾರಿ ಬರಬೇಕಾಯಿತು.

“ನನ್ನಲ್ಲಿದ್ದಾಗ ಕಾಲಡಿಯಲ್ಲೇ ಕಾಳಿತ್ತು. ಈಗ ರೆಕ್ಕೆ ಸವೆಸುತ್ತಿದ್ದೀಯಲ್ಲ ಗುಬ್ಬಕ್ಕ, ವಾಪಸ್ಸು ಬಂದುಬಿಡು” ಎಂದಿತು ಪಾರಿವಾಳ.

ಗುಬ್ಬಿಯ ರೆಕ್ಕೆ ನಿಜಕ್ಕೂ ನೋಯುತ್ತಿತ್ತು, ಮನಸ್ಸು ವಾಲಿತು. “ಬಂದರೆ ಮೂಲೆಗೊಂದು ಹುಲ್ಲೆಳೆ ಸಿಕ್ಕಿಸಿಕೊಳ್ಳಲೇ ಅಣ್ಣಾ?”

“ಛೆ ಛೆ, ಗೂಡು ಕೆಡುತ್ತದೆ! ಅದೊಂದು ಬೇಡ.”

“ಆಗಲಿ. ಇಷ್ಟು ದಿನ ನೆರಳು ಕೊಟ್ಟೆ, ನಿನ್ನ ಹೊಟ್ಟೆ ತಣ್ಣಗಿರಲಿ” ಎಂದು ಗುಬ್ಬಿ ತಲೆಬಾಗಿತು. ಕೆಳಗೆ ಬಿದ್ದಿದ್ದ ಗೋಣಿದಾರದ ಎಳೆಯೊಂದನ್ನು ಕಚ್ಚಿಕೊಂಡು ಹಾರಿತು.

ಜಾಲಿಮರ ಮುಟ್ಟುವಷ್ಟರಲ್ಲಿ ರೆಕ್ಕೆ ಸೋತಿತ್ತು. ಆದರೂ ಆ ದಾರವನ್ನು ತನಗೆ ಬೇಕಾದ ಕಡೆ ಸಿಕ್ಕಿಸಿದ ಮೇಲೆಯೇ ಗುಬ್ಬಿ ಕೂತು ದಣಿವಾರಿಸಿಕೊಂಡದ್ದು.