ಸಪ್ಪೆ ಸಾರು ಮತ್ತು ಇಪ್ಪತ್ತು ಮಂದಿ ಸಂಧಾನಕಾರರು

ಜಗಳ ಬಿಡಿಸುವುದನ್ನು ಕಲಿಸುವ ಮೇಷ್ಟ್ರೊಬ್ಬರಿದ್ದರು. ಹೆಸರು ಶಂಭುಲಿಂಗಯ್ಯ. ಸಮುದಾಯ ಭವನದಲ್ಲಿ ಇಪ್ಪತ್ತು ಮಂದಿಗೆ ನಾಲ್ಕು ದಿನದ ತರಬೇತಿ ಇಟ್ಟಿದ್ದರು. ಕಲಿತವರು ಊರೂರಿಗೆ ಹೋಗಿ ಬೇಲಿ ಜಗಳ, ನೀರಿನ ಜಗಳ ಬಗೆಹರಿಸಬೇಕು. "ಮೊದಲು ಕೇಳಿ, ಆಮೇಲೆ ಮಾತಾಡಿ" ಎಂದು ಮೇಷ್ಟ್ರು ದಿನಕ್ಕೆ ಹತ್ತು ಸಲ ಹೇಳಿದರು. ಇಪ್ಪತ್ತೂ ಮಂದಿ ಹತ್ತು ಸಲವೂ ಬರೆದುಕೊಂಡರು. ಬರೆದುಕೊಳ್ಳುವುದಕ್ಕೇನು, ಕೈ ತಾನೇ ನೋಯುವುದು.

ಅಡುಗೆಗೆ ಬಂದವರು ಚೆಲುವಮ್ಮ ಮತ್ತು ಸಣ್ಣತಾಯಮ್ಮ. ವಾರಗಿತ್ತಿಯರು. ಹದಿನೆಂಟು ವರ್ಷ ಜೊತೆಯಾಗಿ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವರು. ಮೊದಲ ದಿನ ಸಾರು ಬಾಯಿಗಿಡಲಾಗದಷ್ಟು ಉಪ್ಪು. ಎರಡನೆಯ ದಿನ ಬರೀ ಸಪ್ಪೆ. ಮೂರನೆಯ ದಿನ ಮತ್ತೆ ಉಪ್ಪು. ನಾಲ್ಕನೆಯ ದಿನ ಬೆಳಗ್ಗೆ ಮೇಷ್ಟ್ರು ಅಭಿಪ್ರಾಯ ಬರೆದುಕೊಡಿ ಎಂದರೆ, ಇಪ್ಪತ್ತೂ ಚೀಟಿಯಲ್ಲಿ ಒಂದೇ ಮಾತು: "ತರಬೇತಿ ಚೆನ್ನಾಗಿತ್ತು. ಅಡುಗೆಯವರನ್ನು ಬದಲಾಯಿಸಿ."

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಆ ಇಬ್ಬರೂ ಮಾತು ಬಿಟ್ಟಿದ್ದಾರೆ ಕಣ್ರಯ್ಯ. ಇವತ್ತು ಅಡುಗೆ ಮುಗಿದ ಮೇಲೆ ಪಾತ್ರೆ ಹಂಚಿಕೊಂಡು ಬೇರೆಯಾಗ್ತಾರಂತೆ. ಒಬ್ಬರಾದರೂ ಏನಾಯ್ತು ಅಂತ ಕೇಳ್ತೀರೇನೋ ಅಂತ ಮೂರು ದಿನ ಕಾದೆ. ಮೂರು ದಿನ ಅವರ ಜಗಳವನ್ನೇ ಉಂಡು ಎದ್ದಿದ್ದೀರಿ. ಹೋಗಿ, ಇದೇ ನಿಮ್ಮ ಪರೀಕ್ಷೆ."

ಇಪ್ಪತ್ತೂ ಮಂದಿ ಪುಸ್ತಕ ಹಿಡಿದು ಅಡುಗೆಮನೆಗೆ ನುಗ್ಗಿದರು. ಒಬ್ಬ ಕ್ಷಮೆಯ ಮೇಲೆ ಭಾಷಣ ಶುರು ಮಾಡಿದ. ಒಬ್ಬಳು ಸಂಧಾನದ ಆರು ಹಂತ ಓದಿದಳು. ಇನ್ನೊಬ್ಬ ಇಬ್ಬರ ಕೈ ಹಿಡಿದು ಸೇರಿಸಲು ಹೋದ. ಚೆಲುವಮ್ಮ ಸೌಟು ಎತ್ತಿ, "ಒಲೆ ಮುಂದೆ ಅಡ್ಡ ನಿಲ್ಬೇಡಿ, ಆಚೆ ನಡೀರಿ" ಎಂದಳು. ಹತ್ತೊಂಬತ್ತು ಮಂದಿ ಆಚೆ ಬಂದು, "ಇವರು ಸರಿಹೋಗೋರಲ್ಲ" ಎಂದು ವರದಿ ಬರೆದರು.

ಉಳಿದವನು ಆಟೋ ಓಡಿಸುವ ಮಂಚಯ್ಯ. ಅವನ ಚೀಟಿಯಲ್ಲೂ ಅದೇ ದೂರಿತ್ತು, ಸುಳ್ಳೇಕೆ ಹೇಳಲಿ. ಆದರೆ ಈಗ ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದ: "ಉಪ್ಪು ಹಾಕೋರು ಯಾರಕ್ಕಾ, ನಿಮ್ಮಿಬ್ರಲ್ಲಿ?"

ಚೆಲುವಮ್ಮ ಎತ್ತಿದ ಸೌಟು ಇಳಿಸಿ ಹೇಳಿದಳು: "ಹಾಕೋಳು ನಾನು. ರುಚಿ ನೋಡಿ ಸಾಕು ಅನ್ನೋಳು ಅವ್ಳು. ಹೋದ ತಿಂಗ್ಳು ಒಂದು ಮದ್ವೇಲಿ ಗಂಡಿನ ಕಡೆಯವ್ರ ಮುಂದೆ, ಅಕ್ಕಂಗೆ ಉಪ್ಪಿನ ಅಳತೇನೇ ಗೊತ್ತಾಗಲ್ಲ ಅಂದ್ಬುಟ್ಲು. ಅವತ್ತಿಂದ ನಾನು ಕೇಳ್ತಿಲ್ಲ."

"ನೀನು ಕೇಳ್ದಿದ್ರೆ ನಂಗೆಂಗೆ ಗೊತ್ತಾಗ್ಬೇಕು?" ಎಂದಳು ಸಣ್ಣತಾಯಮ್ಮ. "ಒಂದಿನ ಇಬ್ರೂ ಹಾಕಿದ್ವಿ. ಒಂದಿನ ಇಬ್ರೂ ಬುಟ್ವಿ." ಆಮೇಲೆ ದನಿ ತಗ್ಗಿಸಿದಳು. "ಆ ಮಾತ ಅವತ್ತು ನಿನ್ ಕಿವೀಲಿ ಹೇಳ್ಬೇಕಾಗಿತ್ತು ಕಣಕ್ಕಾ. ತಪ್ಪಾಯ್ತು."

ಮಂಚಯ್ಯ ಏನೂ ಹೇಳಲಿಲ್ಲ. ಇನ್ನೊಂದು ಬೆಳ್ಳುಳ್ಳಿ ತೆಗೆದುಕೊಂಡ. ಚೆಲುವಮ್ಮ ಸಾರಿಗೆ ಉಪ್ಪು ಹಾಕಿ ಕದಡಿ, ಸೌಟನ್ನು ವಾರಗಿತ್ತಿಯ ಕಡೆ ಚಾಚಿದಳು. ಸಣ್ಣತಾಯಮ್ಮ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿ, "ಸಾಕು" ಎಂದಳು. ಪಾತ್ರೆ ಹಂಚುವ ಮಾತು ಅಲ್ಲಿಗೆ ನಿಂತಿತು.

ಮಧ್ಯಾಹ್ನ ಊಟಕ್ಕೆ ಕೂತ ಹತ್ತೊಂಬತ್ತು ಮಂದಿ ಸಾರು ಸುರಿದುಕೊಂಡು ಕೇಳಿದರು: "ಮೇಷ್ಟ್ರೇ, ಅಡುಗೆಯವರನ್ನು ಬದಲಾಯಿಸಿದಿರಾ?"

ಮೇಷ್ಟ್ರು ಮಂಚಯ್ಯನಿಗೆ ಪ್ರಮಾಣಪತ್ರ ಕೊಟ್ಟು, ಉಳಿದ ಹತ್ತೊಂಬತ್ತನ್ನು ಚೀಲಕ್ಕೆ ವಾಪಸ್ ಹಾಕಿದರು. "ನಾಳೆಯಿಂದ ಇನ್ನೂ ನಾಲ್ಕು ದಿನ ತರಬೇತಿ. ಪುಸ್ತಕ ತರಬೇಡಿ. ಬೆಳ್ಳುಳ್ಳಿ ಸುಲಿಯೋಕೆ ಬನ್ನಿ."

ನೀತಿ: ತನ್ನ ತಟ್ಟೆಗೇ ಬಂದು ಬಿದ್ದ ಜಗಳ ಕಾಣದವನು ಊರ ಜಗಳ ಬಿಡಿಸಲಾರ. ಬುದ್ಧಿ ಹೇಳುವ ಮೊದಲು ಏನಾಯಿತೆಂದು ಕೇಳಿ. ಕೇಳಿದ ಮೇಲೆ ದಯವಿಟ್ಟು ಸುಮ್ಮನಿರಿ.