ಹನ್ನೆರಡನೆಯ ಗೂಡು

"ಕೇಳಿರಪ್ಪೋ ಕೇಳಿ! ಚಿನ್ನಿದಾಂಡಿನ ಶೂರರಿಗೆಂದು ಅರಸರು ಕಟ್ಟಿಸಿದ ಕೀರ್ತಿಮಂಟಪದಲ್ಲಿ ಹನ್ನೆರಡು ಗೂಡು. ಹನ್ನೊಂದು ತುಂಬಿವೆ. ಕೊನೆಯದು ಮೂರು ತಲೆಮಾರಿನ ಹಿಂದೆ ಆಡಿ ಸತ್ತವನಿಗೆ. ಅರಸರ ಮೂರು ಒಗಟು ಬಿಡಿಸಿದವನು ಹೇಳಿದ ಹೆಸರನ್ನೇ ಅಲ್ಲಿ ಕೆತ್ತುವರು. ತಪ್ಪಿದವನ ತಲೆ ಹೋಗುವುದು!"

ಹೊನ್ನಾಪುರದ ಬೀದಿಗಳಲ್ಲಿ ಡಂಗುರ ಸಾರಿತು. ಅರಸ ಚಿತ್ರಸೇನ ಒಂದು ದಿನವೂ ದಾಂಡು ಹಿಡಿದವನಲ್ಲ. ತೀರ್ಪುಗಾರನಾಗಲು ಅಷ್ಟು ಸಾಕು. ಆಸ್ಥಾನದಲ್ಲಿ ಪ್ರತಿಯೊಬ್ಬನ ತಾತನೂ ಶೂರನೇ ಆಗಿದ್ದರಿಂದ ತಲೆಯನ್ನು ಪಣಕ್ಕಿಡಬೇಕಾಯಿತು. ಇಟ್ಟ ಮೇಲೆ ಇಬ್ಬರೇ ಉಳಿದರು, ದಳವಾಯಿಯ ಮಗ ಮತ್ತು ಆಸ್ಥಾನ ಪಂಡಿತ. ಮೂರನೆಯವನಾಗಿ ಬಂದು ನಿಂತವನು ಮಾಳಿಂಗ, ಮಂಟಪಕ್ಕೆ ಸುಣ್ಣ ಹೊರುವವನು. ಅವನನ್ನು ಸಾಕಿದ ಅಜ್ಜಿ, ಆಯಿ, ತನ್ನ ಅಪ್ಪನ ಆಟದ ಕತೆಯನ್ನು ದಿನಾ ಹೇಳುತ್ತಿದ್ದಳು. ಅವಳಿಗೀಗ ತೊಂಬತ್ತು. ಅವಳು ಹೋದರೆ ಆ ಆಟಗಾರನನ್ನು ನೆನೆಯುವವರು ಭೂಮಿಯ ಮೇಲೆ ಯಾರೂ ಇಲ್ಲ.

ಅರಸ ದಳವಾಯಿಯ ಮಗನನ್ನು ಕೇಳಿದ: "ಒಬ್ಬನು ಹೊಡೆದ ಚಿನ್ನಿ ಮುನ್ನೂರು ದಾಂಡು ದೂರ ಬಿತ್ತು. ಅವನಿಗಿಂತ ಹಿಂದಿನ ಕಾಲದವನದು ಇನ್ನೂರು ದಾಂಡು. ಯಾರದು ದೂರ?"

"ಮುನ್ನೂರು, ಪ್ರಭು. ಇದೂ ಒಂದು ಒಗಟೇ?" ಎಂದು ಅವನು ನಕ್ಕ. ಅವನಿನ್ನೂ ನಗುತ್ತಿರುವಾಗಲೇ ಭಟರು ವಧಾಸ್ಥಾನಕ್ಕೆ ಕರೆದೊಯ್ದರು.

ಆಸ್ಥಾನ ಪಂಡಿತನಿಗೆ ಎರಡನೆಯದು ಬಂತು: "ದಾಂಡು ಹಿಡಿದವನಲ್ಲ, ಚಿನ್ನಿ ಚಿಮ್ಮಿಸಿದವನಲ್ಲ. ಅವನ ಎಣಿಕೆ ಎಲ್ಲೂ ಇಲ್ಲ. ಆದರೆ ಅವನು ಕೈ ಚಾಚಿದರೆ ಎಲ್ಲರ ಎಣಿಕೆಯೂ ನಿಲ್ಲುತ್ತದೆ. ಯಾರು?"

"ಯಮಧರ್ಮ!" ಎಂದ ಪಂಡಿತ. ಸ್ವಲ್ಪ ಹೊತ್ತಿನಲ್ಲೇ ಯಮಧರ್ಮನ ಪರಿಚಯವೂ ಆಯಿತು.

"ಸುಣ್ಣದವನೇ, ಬಿಡಿಸದೆ ಉಳಿದ ಎರಡೂ ಒಗಟು ಈಗ ನಿನ್ನ ಪಾಲಿಗೆ. ಇನ್ನೂ ಹೊತ್ತು ಮೀರಿಲ್ಲ, ಮನೆಗೆ ಹೋಗು" ಎಂದ ಮಂತ್ರಿ.

"ಹೋಗಿ ಆಯಿಗೆ ಏನಂತ ಹೇಳ್ಲಿ, ಧಣ್ಯಾರ?" ಎಂದ ಮಾಳಿಂಗ. "ಮೊದಲನೇದಕ್ಕ, ಎಷ್ಟು ದಾಂಡು ಅಂತ ಕೇಳಬಾರದ್ರಿ, ಯಾರ ದಾಂಡು ಅಂತ ಕೇಳಬೇಕು. ದೂರ ಅಳೆಯೂದು ಆಡಿದವನ ದಾಂಡಿನಿಂದನ. ಹಿಂದಿನವರ ದಾಂಡು ಉದ್ದಿದ್ದವು ಅಂತಾಳ ನಮ್ಮ ಆಯಿ. ಎಷ್ಟು ಉದ್ದ? ಎಣಿಕಿ ಉಳದೈತಿ, ದಾಂಡು ಒಲಿಗೆ ಹೋಗ್ಯಾವ. ಯಾರದು ದೂರ ಅಂತ ಇನ್ನ ಯಾರಿಗೂ ತಿಳಿಯೂದಿಲ್ರಿ."

ಅರಸ ತಲೆದೂಗಿದ.

"ಎರಡನೇದು, ಚಿನ್ನಿ ಹಿಡಿಯಾಂವ. ಹಾರೂ ಚಿನ್ನಿ ಹಿಡದರ ಹೊಡದಾಂವನ ಆಟ ಮುಗೀತು. ಹೊಡದಾಂವನ ಹೆಸರು ಹಾಡಾಗತೈತಿ. ಹಿಡದಾಂವಗ ಬೆರಳು ಮುರೀತಾವ. ನಮ್ಮ ಮುತ್ತಜ್ಜ ಹಿಡಿಯಾಂವರಿ. ಹತ್ತೂ ಬೆರಳು ಡೊಂಕು. ಅವಗ ರೊಟ್ಟಿ ಮುರಿಯಾಕ ಬರ್ತಿರಲಿಲ್ಲ, ಆಯಿನ ಮುರದು ಅಂಗೈಯಾಗ ಇಡ್ತಿದ್ಲಂತ."

ಅರಸ ಕೊನೆಯದನ್ನು ಕೇಳಿದ: "ಮನುಷ್ಯ ಸತ್ತರೂ ಅದು ಅವನ ಜೊತೆ ಮಣ್ಣಿಗೆ ಹೋಗದು. ಇದ್ದವರ ನಾಲಗೆಯ ಮೇಲೆ ಉಳಿಯುತ್ತದೆ. ಕೊನೆಯ ನಾಲಗೆ ಒಣಗಿದ ದಿನ ಅವನು ಇನ್ನೊಮ್ಮೆ ಸಾಯುತ್ತಾನೆ. ಏನದು?"

"ಹೆಸರ್ರಿ."

"ಸರಿ. ಗೂಡು ನಿನ್ನ ಮುತ್ತಜ್ಜನದು. ಅವನ ಹೆಸರೇನು?"

ಆಯಿ ಅದನ್ನು ಎಂದೂ ಹೇಳಿರಲಿಲ್ಲ. ಮಾಳಿಂಗ ಮನೆಗೆ ಓಡಿದ.

"ಆಯಿ, ನಿಮ್ಮಪ್ಪನ ಹೆಸರೇನು?"

"ಅಪ್ಪಾ ಅಂತಿದ್ನಿ."

"ನಿಮ್ಮವ್ವ ಏನಂತಿದ್ಲು?"

"ಗಂಡನ ಹೆಸರು ಹೇಳ್ತಾರೇನೋ, ಹುಚ್ಚಾ? 'ಅವರು' ಅಂತಿದ್ಲು."

"ಊರವರು?"

"ಡೊಂಕ ಅಂತಿದ್ರು" ಎಂದು ಮುದುಕಿ ಅತ್ತಳು. "ಅದನ್ನ ಬರಸಬ್ಯಾಡೋ."

ಹೆಸರು ಸಿಗಲಿಲ್ಲವೆಂದು ಮಾಳಿಂಗ ಬಂದು ಹೇಳಿದ ಮೇಲೆ ಶಿಲ್ಪಿ ಗೂಡಿನಲ್ಲಿ ಎರಡು ಅಂಗೈಗಳನ್ನು ಕೆತ್ತಿದ, ಹತ್ತೂ ಬೆರಳು ಡೊಂಕಾಗಿ. ಕೆಳಗೆ ಹೆಸರಿಗೆಂದಿದ್ದ ಪಟ್ಟಿಯನ್ನು ನುಣುಪಾಗಿ ಉಜ್ಜಿ ಖಾಲಿ ಬಿಟ್ಟ. ಅರಸ ಮಾಳಿಂಗನಿಗೆ ಶಾಲು ಹೊದಿಸಿದ, ಭೂಮಿ ಕೊಟ್ಟ. ಆಮೇಲೆ ಅವರು ಸುಖವಾಗಿದ್ದರು ಎನ್ನುವವರು ಬೇಕಾದಷ್ಟು ಮಂದಿ ಇದ್ದಾರೆ, ಅನ್ನಲಿ.

ಮಂಟಪ ತೆರೆದ ದಿನ ಮಾಳಿಂಗ ಆಯಿಯನ್ನು ಹೊತ್ತು ತಂದ. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಕಲ್ಲಿನ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ರೊಟ್ಟಿಯನ್ನು ಮುರಿದು ಆ ಅಂಗೈಯಲ್ಲಿಟ್ಟಳು.